ಗೋಡೆ ಡಾಕ್ಟರ ಬೀರು ನೀರು ಕುಡಿದದ್ದು

ಅವರನ್ನು ಎಲ್ಲರೂ ಗೋಡೆ ಡಾಕ್ಟರು ಎನ್ನುತ್ತಿದ್ದರು. ಅವರು ವೈದ್ಯ ಓದಿದವರೇನಲ್ಲ. ಪೈಪು ಒಡೆದೋ, ಟ್ಯಾಂಕು ತುಂಬಿ ಹರಿದೋ, ನಲ್ಲಿ ತಿರುಗಿಸಿದವರು ಮರೆತೋ ಮನೆಯೊಳಗೆ ನೀರು ನಿಂತರೆ, ಅದನ್ನು ಹೊರಗೆ ಹಾಕಿ, ಗೋಡೆ ನೆಲ ಒಣಗಿಸಿ, ಮನೆಯನ್ನು ಮತ್ತೆ ಮನೆಯ ಹಾಗೆ ಮಾಡಿಕೊಡುವುದು ಅವರ ಕಸುಬು. ಗೋಡೆಯನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿಯಿಟ್ಟು ಕೇಳಿ, ಕಣ್ಣು ಮುಚ್ಚಿಕೊಂಡು, "ಒಳಗಿನ್ನೂ ಜ್ವರ ಇದೆ" ಎನ್ನುತ್ತಿದ್ದರು. ತೇವ ಅಳೆಯುವ ಯಂತ್ರ ಅವರ ಜೇಬಿನಲ್ಲೇ ಇರುತ್ತಿತ್ತು. ಅದರ ಮುಳ್ಳುಗಳನ್ನು ಗೋಡೆಗೆ ಒತ್ತಿದರೆ ಸಾಕು, ಅದೇ ಅಂಕಿ ತೋರಿಸುತ್ತಿತ್ತು. ಆದರೆ ಬಡಿದು ನೋಡದೆ ಹೋದರೆ ಮನೆಯವರಿಗೆ ಸಮಾಧಾನವಾಗುವುದಿಲ್ಲ ಎಂದು ಅವರು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ನೀರು ನುಗ್ಗಿದ ಮನೆಯವರು ಸುಳ್ಳು ಹೇಳುತ್ತಾರೆ. ಇದು ಅವರ ವೃತ್ತಿಯ ಮೊದಲ ಪಾಠ. "ನಲ್ಲಿ ತಾನಾಗೇ ತೆರ್ಕೊಂಡಿತು" ಎಂದವರಿದ್ದರು. "ಈ ಪೈಪಿಗೆ ನಮ್ಮನ್ನ ಕಂಡ್ರೆ ಆಗಲ್ಲ" ಎಂದವರಿದ್ದರು. ಒಬ್ಬರು ಮನೆಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದಾಗ ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, "ಅಂಥದ್ದೇನಿಲ್ಲ, ಸ್ವಲ್ಪ ತಂಪಾಗಿದೆ ಅಷ್ಟೆ" ಎಂದಿದ್ದರು. ಗೋಡೆ ಡಾಕ್ಟರು ಯಾರ ಮಾತನ್ನೂ ತೆಗೆದುಹಾಕುತ್ತಿರಲಿಲ್ಲ. ತಪ್ಪು ಯಾರದು ಎಂದು ಹುಡುಕುತ್ತ ಕೂತರೆ ಅಷ್ಟರಲ್ಲಿ ಬೂಷ್ಟು ಬಂದು ಕೂರುತ್ತದೆ ಎನ್ನುವುದು ಅವರ ವಾದ.

ಆದರೆ ಒಂದು ವಿಷಯದಲ್ಲಿ ಮಾತ್ರ ಅವರದು ಕಲ್ಲೆದೆ. ಮರದ ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡುವ ಹಲಗೆ ಇದೆಯಲ್ಲ, ಆ ಪುಡಿಹಲಗೆಯ ಸಾಮಾನು ನೀರು ಕುಡಿದಿದ್ದರೆ ಅವರು ದಯೆ ದಾಕ್ಷಿಣ್ಯ ನೋಡುತ್ತಿರಲಿಲ್ಲ. "ಅಮ್ಮಾ, ಸಾಗುವಾನಿ ಆಗಿದ್ರೆ ಒಣಗಿಸಿ ಕೊಡ್ತಿದ್ದೆ. ಇದು ನೀರು ಕುಡಿದ ಪುಡಿಹಲಗೆ. ಇದಕ್ಕೆ ಮರುಜನ್ಮ ಇಲ್ಲ" ಎಂದು ಹೇಳಿ ಬೀದಿಗೆ ಹೊರಿಸಿಬಿಡುತ್ತಿದ್ದರು. ಮನೆಯವರು ಮೇಜಿನ ಕಾಲು ಹಿಡಿದುಕೊಂಡು ಕಣ್ಣೀರಿಟ್ಟರೂ ಅಷ್ಟೆ.

ಹೊರುವವರು ಬಡಗಿಯಕ್ಕ. ಈಕೆ ಡಾಕ್ಟರ ಜೊತೆಗಾರ್ತಿ. ಅಪ್ಪನಿಂದ ಬಡಗಿ ಕೆಲಸ ಕಲಿತು, ಈಗ ಊದಿದ ಬಾಗಿಲು, ಎದ್ದ ನೆಲದ ಪಟ್ಟಿ ಎಲ್ಲವನ್ನೂ ಸರಿಮಾಡುವ ಗಟ್ಟಿ ಹೆಂಗಸು. ಡಾಕ್ಟರು ಎಷ್ಟು ಮಾತೋ ಈಕೆ ಅಷ್ಟು ಮೌನ. ಮುತ್ತು ಸುರಿಯುವುದಿರಲಿ, ಈಕೆಯ ಬಾಯಿಂದ ಮಾತೇ ಉದುರುತ್ತಿರಲಿಲ್ಲ.

ಇಂಥ ಡಾಕ್ಟರ ಸ್ವಂತ ಮನೆಯಲ್ಲಿ ಒಂದು ಪುಡಿಹಲಗೆಯ ಬೀರು ಇತ್ತು.

ಮದುವೆಯಾದ ಹೊಸತರಲ್ಲಿ ಅವರು ತಾವೇ ಕೈಯಾರೆ ಮಾಡಿದ ಬೀರು ಅದು. ಎಡಕ್ಕೆ ವಾಲಿಕೊಂಡು, ಯಾರನ್ನೋ ಕದ್ದು ನೋಡುತ್ತಿರುವಂತೆ ನಿಂತಿತ್ತು. ಬಾಗಿಲು ತೆಗೆಯಬೇಕಾದರೆ ಮೊದಲು ಮೇಲಕ್ಕೆತ್ತಿ, ಆಮೇಲೆ ಹೊಟ್ಟೆಯಿಂದ ತಳ್ಳಿ, ಕೊನೆಗೆ ಎಳೆಯಬೇಕಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ಡಾಕ್ಟರು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಅವರ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಬೀರುವಿನ ಮಾತು ಬಂದಾಗಲೆಲ್ಲ ತಮ್ಮ ಕನ್ನಡಕ ತೆಗೆದು ಒರೆಸಲು ತೊಡಗುತ್ತಿದ್ದರು. ಜೊತೆಗಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಅಷ್ಟು ನಾಜೂಕಿನವರಲ್ಲ. "ಅಳಿಯಂದ್ರೇ, ನಿಮ್ಮ ಬೀರೂಗೆ ಸೊಂಟ ನೋವು ಅನ್ಸುತ್ತೆ, ಒಂಚೂರು ಎಣ್ಣೆ ತಿಕ್ಕಿ" ಎನ್ನುತ್ತಿದ್ದರು. ಅತ್ತೆಗೆ ಮಾತೇ ಊಟ, ಮಾತೇ ನಿದ್ದೆ. ಅವರು ಬಾಯಿ ಮುಚ್ಚುತ್ತಿದ್ದುದು ಮಧ್ಯಾಹ್ನ ಮಲಗುವಾಗ ಮಾತ್ರ. ಆಗ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಬಿಚ್ಚಿ ಒಂದು ಬಟ್ಟಲಿನಲ್ಲಿ ಹಾಕಿ, ಬೆಕ್ಕು ಮೂಸದಿರಲಿ ಎಂದು ಅದೇ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟುಬಿಡುತ್ತಿದ್ದರು.

ಅನಾಹುತಕ್ಕೆ ಕಾರಣ ಸಣ್ಣದು. ಬೆಳಗ್ಗೆ ಡಾಕ್ಟರು ಯಾರದೋ ಮನೆಗೆ ಹೊರಟಾಗ, ಅಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ತರುವ ಕೊಳವೆಗೆ ಬಿಗಿಯುವ ಬಳೆಯೊಂದು ಬೇಕಾಗಿತ್ತು. ಅಂಗಡಿ ತೆರೆದಿರಲಿಲ್ಲ. ತಮ್ಮ ಮನೆಯ ಯಂತ್ರದ ಬಳೆಯನ್ನೇ ಬಿಚ್ಚಿಕೊಂಡರು. ಆ ಜಾಗಕ್ಕೆ, ಸದ್ಯಕ್ಕಿರಲಿ ಎಂದು, ಒಂದು ದಾರ ಸುತ್ತಿ ಗಂಟು ಹಾಕಿದರು. ಊರವರ ಮನೆಗಳಲ್ಲಿ ಇಂಥ ಗಂಟು ಕಂಡಾಗಲೆಲ್ಲ ಅವರು "ಸದ್ಯಕ್ಕೆ ಅನ್ನೋದು ನೀರಿಗೆ ಅರ್ಥ ಆಗಲ್ಲ" ಎಂದು ಭಾಷಣ ಮಾಡುತ್ತಿದ್ದರು. ಅಂದು ಆ ಭಾಷಣ ಅವರಿಗೇ ನೆನಪಾಗಲಿಲ್ಲ.

ಸಂಜೆಗೆ ಮುಂಚೆ ಅವರ ಫೋನು ಬಡಿದುಕೊಂಡಿತು. ಡಾಕ್ಟರು ಏಣಿಯ ಮೇಲಿದ್ದರು. ಯಾರೆಂದು ನೋಡದೆ ಕಿವಿಗಿಟ್ಟುಕೊಂಡರು.

"ಮನೆ ತುಂಬಾ ನೀರು" ಎಂದಿತು ಹೆಣ್ಣು ದನಿ.

"ಗಾಬರಿ ಆಗ್ಬೇಡಿ ಅಮ್ಮಾ. ಮೊದ್ಲು ನಲ್ಲಿ ನಿಲ್ಸಿ. ಕರೆಂಟು ಆರ್ಸಿ. ನಿಮ್ಮ ಮನೆ ಎಲ್ಲಿ?"

"ನಿಮ್ಮ ಮನೆ ಎಲ್ಲಿದೆಯೋ ಅಲ್ಲೇ" ಎಂದರು ಹೆಂಡತಿ.

ಡಾಕ್ಟರು ಏಣಿಯಿಂದ ಇಳಿದ ರೀತಿ ನೋಡಿ ಆ ಮನೆಯವರೇ ಗಾಬರಿಯಾದರಂತೆ.

ಬಡಗಿಯಕ್ಕನೊಂದಿಗೆ ಮನೆ ಮುಟ್ಟಿದಾಗ ಬಾಗಿಲ ಹೊಸ್ತಿಲು ದಾಟಿ ನೀರು ಮೆಟ್ಟಿಲಿಳಿಯುತ್ತಿತ್ತು. ಚಪ್ಪಲಿಗಳು ಎದುರುಗೊಳ್ಳಲು ಬಂದವರಂತೆ ತೇಲಿ ಬಂದವು. ಅತ್ತೆ ಮಂಚದ ಮೇಲೆ ಗೋಡೆಗೆ ಒರಗಿ, ಕಾಲು ಮಡಿಸಿ, ತುಟಿ ಒಳಗೆಳೆದುಕೊಂಡು ಕೂತಿದ್ದರು. ಹೆಂಡತಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಪೊರಕೆ ಹಿಡಿದು ನಿಂತಿದ್ದರು.

"ಪೈಪು ಹಳೇದಾಗಿತ್ತು ಅನ್ಸುತ್ತೆ" ಎಂದರು ಡಾಕ್ಟರು, ಎಲ್ಲಿಯೋ ನೋಡುತ್ತ. "ಈಗಿನ ಕಂಪನಿಯವರು ಗಟ್ಟಿ ಮಾಲೇ ಕೊಡಲ್ಲ."

ಬಡಗಿಯಕ್ಕ ಯಂತ್ರದ ಹಿಂದೆ ಬಗ್ಗಿ ಕೊಳವೆಯ ತುದಿಯನ್ನು ಎತ್ತಿ ಹಿಡಿದರು. ಅದರಿಂದ ಒಂದು ದಾರ ನೇತಾಡುತ್ತಿತ್ತು.

"ದಾರ" ಎಂದರು.

ಅವರ ಬಾಯಿಂದ ಅಂದು ಬಂದ ಮೊದಲ ಮಾತು ಅದು. ಹೆಂಡತಿ ಕನ್ನಡಕ ತೆಗೆದು ಒರೆಸಿದರು.

ಆಮೇಲೆ ಬಡಗಿಯಕ್ಕ ಕೆಲಸಕ್ಕಿಳಿದರು. ಡಾಕ್ಟರು ಅಲ್ಲಿಷ್ಟು ಇಲ್ಲಿಷ್ಟು ಕೈಹಾಕಿ ಅಡ್ಡ ಬರತೊಡಗಿದಾಗ, "ಯಜಮಾನ್ರು ಆಚೆ ಕೂತ್ಕೊಳ್ಳಿ" ಎಂದು, ಬೇರೆ ಮನೆಗಳ ಯಜಮಾನರಿಗೆ ಹೇಳುವ ಹಾಗೆಯೇ ಹೇಳಿ, ಅವರನ್ನು ಮೆಟ್ಟಿಲ ಮೇಲೆ ಕೂರಿಸಿದರು. ಪಂಪು ಹಚ್ಚಿ ನೀರು ಹೊರಹಾಕಿದರು. ಜಮಖಾನ ಸುತ್ತಿ ಹೊರಗಿಟ್ಟರು. ಮಂಚದ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟರು. ಗೋಡೆಯ ಬುಡದ ಪಟ್ಟಿ ಕಿತ್ತು ಒಳಗೆ ಗಾಳಿಯಾಡಲು ದಾರಿ ಮಾಡಿದರು. ದೊಡ್ಡ ಬೀಸುಗಾಳಿ ಯಂತ್ರಗಳನ್ನು ತಂದು ಮೂಲೆ ಮೂಲೆಗೆ ಇಟ್ಟರು. ಕೊನೆಗೆ ಬೀರುವಿನ ಹತ್ತಿರ ಬಂದು, ತೇವದ ಯಂತ್ರದ ಮುಳ್ಳು ಒತ್ತಿದರು. ಮುಳ್ಳು ಬೆಣ್ಣೆಗೆ ಇಳಿದಂತೆ ಇಳಿಯಿತು.

"ಮುಗೀತು" ಎಂದರು.

"ಒಂದು ದಿನ ನೋಡೋಣ" ಎಂದರು ಡಾಕ್ಟರು ಮೆಟ್ಟಿಲಿನಿಂದಲೇ.

"ಪುಡಿಹಲಗೆ."

"ಅದು ಬೇರೆ ಪುಡಿಹಲಗೆ. ಆಗಿನ ಕಾಲದ್ದು. ಈಗಿನ ಹಾಗಲ್ಲ."

ಬಡಗಿಯಕ್ಕ ಅವರನ್ನು ಒಂದು ಗಳಿಗೆ ನೋಡಿ, ಸಾಮಾನು ಎತ್ತಿಕೊಂಡು, ನಾಳೆ ಬರುವುದಾಗಿ ಹೊರಟರು. ಅವರು ತಿರುವು ದಾಟಿದ್ದೇ ತಡ, ಡಾಕ್ಟರು ಒಳಗೆ ಹೋಗಿ ಅಷ್ಟೂ ಬೀಸುಗಾಳಿ ಯಂತ್ರಗಳ ಮುಖವನ್ನು ಬೀರುವಿನ ಕಡೆಗೆ ತಿರುಗಿಸಿದರು.

ಆಗ ಅತ್ತೆ ಮಂಚದಿಂದ ಏನೋ ಅಂದರು. ಯಂತ್ರಗಳ ಭೋರಾಟದಲ್ಲಿ ಸರಿಯಾಗಿ ಕೇಳಲಿಲ್ಲ.

"ಏನತ್ತೆ?"

"ಹಾಉ."

"ಹಾಲಾ?"

ಅತ್ತೆ ತಲೆ ಕೊಡವಿ, ಬಾಯಿ ತೋರಿಸಿ, ಮತ್ತೆ "ಹಾಉ" ಎಂದರು. ಪಾಪ, ಮುದುಕಿಗೆ ಚಳಿ ಹಿಡಿದಿರಬೇಕು ಎಂದುಕೊಂಡು ಡಾಕ್ಟರು ಒಲೆ ಹಚ್ಚಿ ಹಾಲು ಕಾಯಿಸಿ ತಂದು ಕೊಟ್ಟರು. ಅತ್ತೆ ಅಳಿಯನನ್ನು ದುರುಗುಟ್ಟಿ ನೋಡುತ್ತಲೇ ಹಾಲು ಕುಡಿದರು. ಲೋಟ ಕೆಳಗಿಟ್ಟು, ಈ ಸಲ ಬೀರುವಿನ ಕಡೆ ಕೈ ತೋರಿಸಿ, "ಹಾಉ" ಎಂದರು.

"ಅಯ್ಯೋ ಹಲ್ಲು" ಎಂದರು ಹೆಂಡತಿ.

ಡಾಕ್ಟರು ಬೀರುವಿನ ಬಾಗಿಲನ್ನು ಮೇಲಕ್ಕೆತ್ತಿದರು, ಹೊಟ್ಟೆಯಿಂದ ತಳ್ಳಿದರು, ಎಳೆದರು. ಬೀರು ಅಲುಗಲಿಲ್ಲ. ನೀರು ಕುಡಿದ ಹಲಗೆ ಊದಿ, ಬಾಗಿಲು ಚೌಕಟ್ಟು ಎರಡೂ ಒಂದಾಗಿ ಕಚ್ಚಿಕೊಂಡಿದ್ದವು. ಅತ್ತೆಗೆ ಇಲ್ಲದ ಹಲ್ಲು ಬೀರುವಿಗೆ ಬಂದಂತಾಗಿತ್ತು.

"ಒಡೀರಿ" ಎಂದರು ಹೆಂಡತಿ.

"ಒಡೆಯೋದು ಯಾಕೆ? ಒಣಗಿದ್ರೆ ಅದೇ ಬಿಟ್ಕೊಳ್ಳುತ್ತೆ. ನಿಧಾನಕ್ಕೆ ಒಣಗ್ಬೇಕು ಅಷ್ಟೆ. ಅತ್ತೆ ಅಲ್ಲೀತನಕ ಮೆತ್ತಗಿರೋದು ಏನಾದ್ರೂ ತಿನ್ನಲಿ."

ಅತ್ತೆ ಏನೋ ದೀರ್ಘವಾಗಿ ಹೇಳಿದರು. ಒಂದಕ್ಷರವೂ ತಿಳಿಯಲಿಲ್ಲ, ಆದರೆ ಅರ್ಥ ಮಾತ್ರ ಎಲ್ಲರಿಗೂ ಆಯಿತು. ತಮ್ಮ ಮಾತು ಹೀಗೆ ಗಾಳಿಪಾಲಾಗುವುದನ್ನು ಕಂಡು ಅವರು ಅವಮಾನದಿಂದ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಆ ಮನೆಯಲ್ಲಿ ಅಷ್ಟು ಮೌನ ಹಿಂದೆಂದೂ ಇರಲಿಲ್ಲ. ಮೊದಮೊದಲು ಡಾಕ್ಟರಿಗೆ ಅದು ಹಿತವಾಗಿಯೇ ಇತ್ತು. ಬೀರುವಿನ ಸಂದಿಗಳಿಗೆ ಮೇಣ ತಿಕ್ಕಿದರು. ಕೂದಲು ಒಣಗಿಸುವ ಯಂತ್ರ ಹಿಡಿದು ಕೂತರು. ಆದರೆ ಊಟದ ಹೊತ್ತಿಗೆ, "ಉಪ್ಪು ಜಾಸ್ತಿ" ಎನ್ನುವವರಿಲ್ಲದೆ ಅವರಿಗೆ ತುತ್ತು ಇಳಿಯಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಬೀರು ಇನ್ನಷ್ಟು ಊದಿತ್ತು. ಮೈಮೇಲಿನ ತೆಳುಪಟ್ಟಿ ಬಿಸಿಲಿಗೆ ಸುಟ್ಟ ಚರ್ಮದಂತೆ ಸುರುಳಿ ಎದ್ದಿತ್ತು. ಬುಡ ಕುಸಿದು, ಈವರೆಗೆ ಎಡಕ್ಕೆ ವಾಲಿದ್ದದ್ದು ಈಗ ಬಲಕ್ಕೆ ವಾಲಿತ್ತು. ಡಾಕ್ಟರು ಅದರ ಎದುರು ಮಣೆ ಹಾಕಿಕೊಂಡು ಕೂತರು. ಹೆಂಡತಿ ಬಂದು ಪಕ್ಕದಲ್ಲಿ ಕೂತರು.

"ನಿಂಗೆ ಇದು ಯಾವತ್ತೂ ಇಷ್ಟ ಇರ್ಲಿಲ್ಲ ಅಲ್ವಾ?" ಎಂದರು ಡಾಕ್ಟರು.

"ಇಲ್ಲ."

"ಒಂದಿನಾನೂ?"

"ಒಂದಿನಾನೂ ಇಲ್ಲ. ಎಷ್ಟು ಸೀರೆ ಹರಿದಿದೆ ಗೊತ್ತಾ ಇದರ ಮೊಳೆಗೆ?"

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

ಹೆಂಡತಿ ಸುರುಳಿ ಎದ್ದ ತೆಳುಪಟ್ಟಿಯ ಒಂದು ಚೂರನ್ನು ಕಿತ್ತರು. "ನೀವು ಅದನ್ನ ಮಾಡಿ ಮುಗ್ಸಿದ ದಿನ, ಒಳಗೆ ನಿಂತ್ಕೊಂಡು ನನ್ನನ್ನ ಕರೆದು, 'ನೋಡು, ಒಬ್ಬ ಆಳು ಹಿಡಿಯುತ್ತೆ' ಅಂದ್ರಿ. ಆ ಮುಖ ನೋಡಿ, ಬಾಗಿಲು ವಕ್ರ ಇದೆ ಅಂತ ಹೇಗೆ ಹೇಳ್ಲಿ? ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಅಭ್ಯಾಸ ಆಗೋಯ್ತು."

ಡಾಕ್ಟರಿಗೆ, ತಾವು ಬೀದಿಗೆ ಹೊರಿಸಿದ ಮೇಜು, ಕಪಾಟು, ಮಂಚಗಳೆಲ್ಲ ಸಾಲಾಗಿ ಬಂದು ಎದುರಿಗೆ ನಿಂತಂತಾಯಿತು. ಅವುಗಳ ಕಾಲು ಹಿಡಿದು ಅತ್ತವರ ಮುಖಗಳೂ ನೆನಪಾದವು. ಅವರಿಗೆಲ್ಲ ಒಂದು ಗಳಿಗೆ ಕೂತುಕೊಳ್ಳಲೂ ಬಿಟ್ಟಿರಲಿಲ್ಲವಲ್ಲ ಎನಿಸಿತು. ಎದ್ದು ನಿಂತು, ಬೀರುವಿನ ಬಾಗಿಲಿಗೆ ಬೆರಳ ಗೆಣ್ಣಿನಿಂದ ಬಡಿದರು. ಟಕ್ ಎನ್ನಲಿಲ್ಲ, ನೆನೆದ ಬ್ರೆಡ್ಡಿನಂತೆ ಬೆರಳು ಒಳಗೆ ಹೋಯಿತು.

ಅಷ್ಟರಲ್ಲಿ ಬಡಗಿಯಕ್ಕ ಸುತ್ತಿಗೆ ಹಿಡಿದು ಬಂದರು. ಬಾಗಿಲಲ್ಲೇ ನಿಂತು, ಕೇಳುವಂತೆ ನೋಡಿದರು. ಡಾಕ್ಟರು ಬೇಡವೆಂದು ತಲೆಯಾಡಿಸಿ, ಬಾಗಿಲ ಹಿಡಿಯನ್ನು ತಾವೇ ಹಿಡಿದು ಎಳೆದರು. ಬಾಗಿಲು ಇಡಿಯಾಗಿ, ಸದ್ದೇ ಇಲ್ಲದೆ, ಕೈಗೆ ಬಂತು. ಹಿಂದೆಯೇ ಒಂದು ಪಕ್ಕ, ಆಮೇಲೆ ಇನ್ನೊಂದು ಪಕ್ಕ, ದಣಿದ ನೆಂಟರು ಕೂತಂತೆ ಮೆಲ್ಲನೆ ಕೂತವು. ಬಟ್ಟೆಯ ರಾಶಿಯ ಮೇಲೆ ಬಟ್ಟಲು ನೆಟ್ಟಗೆ ಇಳಿದಿತ್ತು. ಒಳಗೆ ಹಲ್ಲುಗಳು ಯಾವ ಚಿಂತೆಯೂ ಇಲ್ಲದೆ ನಗುತ್ತಿದ್ದವು.

ಅತ್ತೆ ಅವನ್ನು ತೊಳೆದು ಬಾಯಿಗೆ ಹಾಕಿಕೊಂಡು, ದವಡೆಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿದರು. ಎಲ್ಲರೂ ಕಾದರು.

"ಹಾಲಿಗೆ ಸಕ್ಕರೆ ಸಾಲ್ದು" ಎಂದರು.

ಆಮೇಲೆ ತಡೆದ ನೀರು ಕಟ್ಟೆಯೊಡೆದಂತೆ ಮಾತು ಹರಿಯಿತು. ದಾರದ ವಿಷಯ, ಮೇಣದ ವಿಷಯ, ಬೀರುವಿನ ಹುಟ್ಟಿನಿಂದ ಸಾವಿನವರೆಗಿನ ವಿಷಯ. ಡಾಕ್ಟರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, "ತಪ್ಪು ನಂದೇ ಅತ್ತೆ. ಪೈಪು ಹಳೇದಲ್ಲ. ಆದ್ರೆ ಒಂದು ಮಾತು. ನೀರು ನಿಮ್ಮ ಮಂಚದ ಕೆಳಗಿಂದಾನೇ ಹರಿದಿದೆ. ಎಚ್ಚರ ಆದಾಗ್ಲೇ ಒಬ್ರನ್ನ ಕೂಗಿದ್ರೆ ಇಷ್ಟು ತುಂಬ್ತಿರ್ಲಿಲ್ಲವಲ್ಲ" ಎಂದರು.

ಅತ್ತೆಯ ಮಾತು ಗಕ್ಕನೆ ನಿಂತಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಎಚ್ಚರ ಆಯ್ತು. ಕಾಲು ಕೆಳಗಿಟ್ಟೆ. ಒದ್ದೆ. ನಾನೇ... ನಿದ್ದೇಲಿ... ಏನೋ ಮಾಡ್ಕೊಂಡೆ ಅಂದ್ಕೊಂಡೆ. ವಯಸ್ಸಾಯ್ತಲ್ಲ. ಅಕ್ಕಪಕ್ಕದೋರನ್ನ ಕೂಗಿ ಏನಂತ ಹೇಳ್ಲಿ? ಅದೇ ಒಣಗುತ್ತೆ ಅಂತ ಸುಮ್ನೆ ಕೂತೆ. ಆಮೇಲೆ ಚಪ್ಪಲಿ ತೇಲ್ಕೊಂಡು ಬಂತು. ಇಷ್ಟೊಂದು ನಂದಾಗಿರಕ್ಕಿಲ್ಲ ಅಂತ ಆಗ ಧೈರ್ಯ ಬಂತು. ಅಷ್ಟೊತ್ತಿಗೆ ಇವಳು ಬಂದ್ಲು."

ಮೊದಲು ನಕ್ಕವರು ಬಡಗಿಯಕ್ಕ. ಅವರು ನಗುವುದನ್ನು ಡಾಕ್ಟರು ಅದುವರೆಗೆ ಕಂಡಿರಲಿಲ್ಲ. ಒದ್ದೆ ಬೆಂಚು ಎಳೆದಂತೆ ಸದ್ದು ಬಂತು. ಆಮೇಲೆ ಹೆಂಡತಿ, ಆಮೇಲೆ ಅತ್ತೆ ತಾವೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರು ಬೀರುವಿನ ಬಾಗಿಲನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದರು. ಅದನ್ನು ಬೀದಿಗೆ ತಾವೇ ಹೊತ್ತುಕೊಂಡು ಹೋಗಿ ಇಟ್ಟು ಬಂದರು.

ಮನೆ ಒಣಗಿತು. ಹೆಂಡತಿ ತಮಗೆ ಬೇಕಾದ ಉಕ್ಕಿನ ಬೀರು ತರಿಸಿದರು. ಅದರ ಬಾಗಿಲು ಒಂದೇ ಬೆರಳಿಗೆ ತೆರೆಯುತ್ತಿತ್ತು. ಸುಮ್ಮನೆ ತೆರೆದು ಮುಚ್ಚಿ ಮಾಡುತ್ತಿದ್ದರು. ಡಾಕ್ಟರ ಕೆಲಸವೂ ಕೊಂಚ ಬದಲಾಯಿತು. ಈಗಲೂ ಪುಡಿಹಲಗೆಗೆ ಮರುಜನ್ಮ ಇಲ್ಲವೆಂದೇ ಹೇಳುತ್ತಿದ್ದರು, ಆದರೆ ಹೇಳುವ ಮೊದಲು ಆ ಸಾಮಾನು ಯಾರು ತಂದದ್ದು, ಯಾವಾಗ ತಂದದ್ದು ಎಂದು ವಿಚಾರಿಸಿ, ಮನೆಯವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದರು. ಇದರಿಂದ ಕೆಲಸ ನಿಧಾನವಾಗಿ, ಬಡಗಿಯಕ್ಕ ಹೊರಗೆ ಗೋಡೆಗೊರಗಿ ಆಕಳಿಸುವಂತಾಯಿತು.

ಒಂದು ದಿನ ಡಾಕ್ಟರು ಸ್ನಾನಕ್ಕೆ ಹೋಗಿದ್ದಾಗ ಫೋನು ಬಂತು. ಅತ್ತೆ ತೆಗೆದುಕೊಂಡರು. ಆ ಕಡೆ ಯಾವುದೋ ಮನೆಯ ಯಜಮಾನರು ತಡವರಿಸುತ್ತಿದ್ದರು. ನಲ್ಲಿ ಅದೇ ತೆರೆದುಕೊಂಡಿತು, ತಾವು ಮನೆಯಲ್ಲೇ ಇರಲಿಲ್ಲ, ಇದ್ದರೂ ನೋಡಲಿಲ್ಲ.

"ನಾಚ್ಕೆ ಬಿಡಪ್ಪಾ" ಎಂದರು ಅತ್ತೆ. "ನನ್ನ ಕಥೆ ಕೇಳಿದ್ರೆ ನಿಂದೇನೂ ಅಲ್ಲ ಅನ್ಸುತ್ತೆ" ಎಂದು ಕಾಲು ಕೆಳಗಿಟ್ಟದ್ದರಿಂದ ಹಿಡಿದು ಚಪ್ಪಲಿ ತೇಲಿ ಬಂದದ್ದರವರೆಗೆ ಪೂರ್ತಿ ಹೇಳಿದರು. ಆ ಕಡೆಯ ಯಜಮಾನರು ನಕ್ಕು, ಹಗುರಾಗಿ, ನಲ್ಲಿ ಮುಚ್ಚದೆ ಮಲಗಿದ್ದು ತಾವೇ ಎಂದು ಒಪ್ಪಿಕೊಂಡರು. ಡಾಕ್ಟರು ಅಲ್ಲಿಗೆ ಹೋಗುವಷ್ಟರಲ್ಲಿ ನೀರು ಪಕ್ಕದ ಮನೆಗೂ ಹೋಗಿತ್ತು, ಏಕೆಂದರೆ ಕಥೆ ಮುಗಿಯುವ ತನಕ ನಲ್ಲಿ ತೆರೆದೇ ಇತ್ತು.

"ಅತ್ತೆ, ಮೊದ್ಲು ನಲ್ಲಿ ನಿಲ್ಸಕ್ಕೆ ಹೇಳ್ಬೇಕು. ಕಥೆ ಆಮೇಲೆ" ಎಂದರು ಡಾಕ್ಟರು.

ಅತ್ತೆ ಕಲಿತರು. ಫೋನು ಅವರದೇ ಆಯಿತು. "ನಲ್ಲಿ ನಿಲ್ಸು, ಕರೆಂಟು ಆರ್ಸು, ಮೇಲೆ ಹತ್ತಿ ಕೂತ್ಕೊ, ಈಗ ಹೇಳು" ಎಂದು ಒಂದೇ ಉಸಿರಿಗೆ ಅಂದು, ಮಂಚದ ಮೇಲೆ ಕಾಲು ಮಡಿಸಿಕೊಂಡು ಕೂರುತ್ತಿದ್ದರು. ಡಾಕ್ಟರು ಬಾಗಿಲು ತಟ್ಟುವ ಹೊತ್ತಿಗೆ ಮನೆಯವರು ಅತ್ತು ನಕ್ಕು ಮುಗಿಸಿ, ಸತ್ಯ ಹೇಳಲು ತಯಾರಾಗಿರುತ್ತಿದ್ದರು. ಕ್ರಮೇಣ, ಮನೆ ಒಣಗಿ ಎಷ್ಟೋ ಕಾಲವಾದವರೂ ಫೋನು ಮಾಡತೊಡಗಿದರು. "ನೀರೇನೂ ಇಲ್ಲ ಅಜ್ಜಿ, ಸುಮ್ನೆ ಮಾಡ್ದೆ" ಎಂದು ಶುರುಮಾಡಿ ಸೊಸೆಯ ವಿಷಯ, ಮಂಡಿನೋವಿನ ವಿಷಯ ಮಾತಾಡುತ್ತಿದ್ದರು. ನಿಜಕ್ಕೂ ನೀರು ನುಗ್ಗಿದವರಿಗೆ ಲೈನೇ ಸಿಗದಂತಾಗಿ, ಗೋಡೆ ಡಾಕ್ಟರು ಕೊನೆಗೆ ಇನ್ನೊಂದು ನಂಬರು ತೆಗೆದುಕೊಳ್ಳಬೇಕಾಯಿತು. ಅದನ್ನು ಅವರು ಅತ್ತೆಗೆ ಹೇಳಿಲ್ಲ.