ಅಪ್ಪ ಹುಡುಕಿದ ಕಾರಣ

ನಮ್ಮ ಮನೆಯಲ್ಲಿ ನಾನು, ತಂಗಿ ಇಬ್ಬರೇ ಮಕ್ಕಳು. ಅಪ್ಪನ ಎರೆಹೊಲ ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ತಂಗಿಗೆ ಬಿಸಿಲೆಂದರೆ ಆಗುತ್ತಿರಲಿಲ್ಲ. ನಾನು ಅಪ್ಪನ ಬೆನ್ನು ಬಿಡುತ್ತಿರಲಿಲ್ಲ. ಹೈಸ್ಕೂಲು ಮುಗಿಯುವ ಹೊತ್ತಿಗೆ ಟ್ರ್ಯಾಕ್ಟರ್ ಹೊಡೆಯುವುದನ್ನು ಅವನೇ ಕಲಿಸಿದ. ಕಡಲೆ ಬಿತ್ತುವಾಗ ನಾನು ಸ್ಟೇರಿಂಗ್ ಹಿಡಿದರೆ ಅವನು ಹಿಂದೆ ಕೂರಿಗೆ ನೋಡಿಕೊಳ್ಳುತ್ತಿದ್ದ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, "ಸಾಲು ಅಗದಿ ನೆಟ್ಟಗ ಬಂದಾವ ನೋಡ್ರಿ, ನಮ್ಮ ಹುಡುಗಿ ಹೊಡದದ್ದು" ಎನ್ನುತ್ತಿದ್ದ.

ಎರಡು ಗಂಡು ಬಂದು ನೋಡಿಹೋದ ಮೇಲೆ, ಮತ್ತೊಂದು ಬರುತ್ತದೆಂದಾಗ ಹೇಳಿಬಿಟ್ಟೆ: ಗಂಡಸರ ಮೇಲೆ ನನಗೆ ಮನಸ್ಸು ಹೋಗುವುದಿಲ್ಲ, ಹೋಗುವುದೇನಿದ್ದರೂ ಹೆಂಗಸರ ಮೇಲೆ. ಅವ್ವ ಸತ್ತವರ ಮುಂದೆ ಕೂತಂತೆ ಹಾಡಿಕೊಂಡು ಅತ್ತಳು. ಅಪ್ಪ ಅಂಗಳದಲ್ಲಿದ್ದ ಟ್ರ್ಯಾಕ್ಟರನ್ನೇ ಬಹಳ ಹೊತ್ತು ನೋಡಿದ.

"ನಾನ ಕೆಡಿಸಿದ್ನಿ. ಗಂಡಸರ ಕೆಲಸಕ್ಕ ಹಚ್ಚಿದ್ನಿ ನಿನಗ."

"ಟ್ರ್ಯಾಕ್ಟರಿಂದ ಬಂದದ್ದಲ್ಲ ಅಪ್ಪಾ. ಸಣ್ಣಾಕಿ ಇದ್ದಾಗಿಂದನ ನಾ ಹಿಂಗ ಅದೀನಿ."

"ಮತ್ತ ಎಲ್ಲಿಂದ ಬಂತು? ನೀನ ಹೇಳು."

ನನಗೂ ಗೊತ್ತಿರಲಿಲ್ಲ. ಐದನೇ ತರಗತಿಯಲ್ಲಿ ಒಬ್ಬ ಹುಡುಗಿ ಪಕ್ಕದಲ್ಲಿ ಕೂತರೆ ಪಾಠ ಕಿವಿಗೆ ಬೀಳುತ್ತಿರಲಿಲ್ಲ. ಅದಕ್ಕೂ ಹಿಂದೆ ಏನಿತ್ತೋ ನೆನಪಿಲ್ಲ. ತಂಗಿ ಮತ್ತು ನಾನು ಉಂಡದ್ದು ಒಂದೇ ಒಲೆಯ ರೊಟ್ಟಿ, ಮಲಗಿದ್ದು ಒಂದೇ ಕೌದಿಯಲ್ಲಿ. ಅವಳು ಹಾಗೆ, ನಾನು ಹೀಗೆ.

ಅಪ್ಪ, ಅವ್ವ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರ್ ಬಾಯಿಯವರು, "ಇದು ರೋಗ ಅಲ್ರಿ. ಯಾಕ ಹಿಂಗ ಅನ್ನೂದು ಪೂರಾ ಯಾರಿಗೂ ಗೊತ್ತಿಲ್ಲ. ಆದ್ರ ನೀವು ಬೆಳೆಸಿದ್ದರಿಂದ ಬಂದದ್ದಲ್ಲ" ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ, "ಗೊತ್ತಿಲ್ಲಂತ ಅವರ ಅಂದ್ರಲ್ಲ" ಎಂದ. ಅಷ್ಟೇ ಅವನ ಕಿವಿಗೆ ಬಿದ್ದಿತ್ತು.

ಆ ವಾರವೇ ಟ್ರ್ಯಾಕ್ಟರ್ ಮಾರಿದ. ಹೊಲವನ್ನು ದೊಡ್ಡಪ್ಪನ ಮಗನಿಗೆ ವರ್ಷಕ್ಕಿಷ್ಟು ಎಂದು ಲಾವಣಿಗೆ ಕೊಟ್ಟ. ನಾನು ಹೊಲದ ಕಡೆ ಹೋಗುವುದು ಬಂದ್ ಆಯಿತು. ಮದುವೆಗೆ ನಾನು ಒಪ್ಪಲಿಲ್ಲ. ತಂಗಿಯ ಮದುವೆಯ ದಿನ ಬೀಗರ ಕಣ್ಣಿಗೆ ಬೀಳದಂತೆ ನನ್ನನ್ನು ಅಡುಗೆಮನೆಯಲ್ಲೇ ಇಟ್ಟರು. ಈಗ ಅಪ್ಪನಿಗೂ ನನಗೂ ಊಟಕ್ಕೆ ಕರೆಯುವಷ್ಟೇ ಮಾತು. ಅವನು ಬೈಯುವುದಿಲ್ಲ. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ತಾನೇ ಪಾಪ ಮಾಡಿದವನಂತೆ ತಲೆ ತಗ್ಗಿಸಿ ಉಣ್ಣುತ್ತಾನೆ.

ಹೋದ ತಿಂಗಳು ತಂಗಿಯ ಮಗಳು ಸೈಕಲ್ ಬೇಕೆಂದು ಅಜ್ಜನಿಗೆ ಗಂಟುಬಿದ್ದಳು.

"ಬ್ಯಾಡವ್ವಾ, ನಿಮ್ಮವ್ವನ ಬಾಜು ಕುಂತು ರೊಟ್ಟಿ ಬಡಿಯೂದು ಕಲಿ" ಎಂದ.

ಹುಡುಗಿ ಅತ್ತಳು. ತಂಗಿ ನನ್ನ ಮುಖ ನೋಡದೆ ಮಗಳನ್ನು ಒಳಗೆ ಎಳೆದುಕೊಂಡು ಹೋದಳು.