ಆಯುಧಪೂಜೆಗೆ ಸಿಕ್ಕಿಬಿದ್ದ ಕಾರ್ಬನ್ ಸೈಕಲ್ಲು

ಡಬ್ಬ ತಂದವನನ್ನು ನಾನು ಗೇಟಿನಲ್ಲೇ ನಿಲ್ಲಿಸಿದೆ. ಡಬ್ಬ ಬಾಗಿಲಷ್ಟು ಅಗಲ ಇತ್ತು, ಎತ್ತಿದರೆ ತೂಕವೇ ಇಲ್ಲ. ಒಳಗೆ ಏನೂ ಇಲ್ಲದ ಡಬ್ಬಕ್ಕೆ ಸಹಿ ಹಾಕಲು ನನಗೇನು ತಲೆ ಕೆಟ್ಟಿತ್ತೇ?

"ಖಾಲಿ ಡಬ್ಬ ಕೊಟ್ಟು ಹೋಗ್ತಿದೀಯಲ್ಲಪ್ಪಾ. ಒಳಗಿದ್ದದ್ದು ಎಲ್ಲಿ?"

"ಅಜ್ಜಿ, ಹೊರದೇಶದಿಂದ ಬಂದಿರೋ ಪಾರ್ಸಲ್ಲು. ನಾನು ಬಿಚ್ಚೋ ಹಾಗಿಲ್ಲ."

"ಬಿಚ್ಬೇಡ. ಅಲ್ಲಾಡ್ಸು, ಸದ್ದು ಬರತ್ತಾ ನೋಡೋಣ."

ಪಾಪ, ಅಲ್ಲಾಡಿಸಿದ. ಸದ್ದು ಬರಲಿಲ್ಲ. ಕೊನೆಗೆ ಮೊಮ್ಮಗಳಿಗೆ ಫೋನ್ ಮಾಡಿದೆ. ಅವಳು ಕಲ್ಯಾಣ ನಗರದಲ್ಲಿ ಹಲ್ಲಿನ ಡಾಕ್ಟರು. ಯಾರದೋ ಬಾಯಿ ತೆರೆಸಿಟ್ಟುಕೊಂಡೇ ಕಿರುಚಿದಳು. "ಅಜ್ಜೀ, ಖಾಲಿ ಅಲ್ಲ ಅದು! ತಗೋ! ನೆಲಕ್ಕೆ ಕುಕ್ಬೇಡ, ಹಾಸಿಗೆ ಮೇಲಿಡು!"

ಹೀಗೆ ಅದು ಜೀವನ್ ಬಿಮಾ ನಗರದ ನಮ್ಮ ಮನೆಗೆ ಬಂದು ನನ್ನ ಹಾಸಿಗೆಯ ಮೇಲೆ ಮಲಗಿತು. ನಾನು ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸಿದೆ.

ಸಂಜೆ ಬಿಚ್ಚಿದರೆ ಚಕ್ರವಿಲ್ಲ, ಹ್ಯಾಂಡಲ್ಲಿಲ್ಲ, ಸೀಟಿಲ್ಲ. ಸೈಕಲ್ಲಿನ ನಡುಭಾಗ ಮಾತ್ರ, ಬರೀ ಫ್ರೇಮು. ಅದೂ ಕಬ್ಬಿಣದ್ದಲ್ಲ, ಕಾರ್ಬನ್ನಿನದು. ಕರೀ ನೂಲಿನ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಇಟ್ಟು ಬೇಯಿಸಿ ಗಟ್ಟಿ ಮಾಡಿರುತ್ತಾರಂತೆ. ಹಿಂಭಾಗ ಅಲುಗಾಡುತ್ತದೆ, ನಡುವೆ ಗಾಳಿ ತುಂಬುವ ಶಾಕ್ ಅಬ್ಸಾರ್ಬರ್ ಇದೆ. ಕಲ್ಲಿನ ಮೇಲೆ ಇಳಿದರೆ ಮುಂದೂ ಹಿಂದೂ ಬಗ್ಗಿ ಎದ್ದುಕೊಳ್ಳುವ ಗುಡ್ಡದ ಸೈಕಲ್ಲು. ಬೆಲೆ ನಾನು ಕೇಳಲಿಲ್ಲ. ಅವಳ ದುಡಿಮೆ, ಅವಳ ಹುಚ್ಚು.

ದಸರಾ ಮುಗಿದ ಮೇಲಿನ ಭಾನುವಾರ ಊರಾಚೆಯ ಗುಡ್ಡದಲ್ಲಿ ರೇಸಿತ್ತು. ಹಿಂದಿನ ಸಲ ಗೆಳತಿಯ ಸೈಕಲ್ ತೆಗೆದುಕೊಂಡು ಹೋಗಿದ್ದಳು. ಅರ್ಧದಲ್ಲೇ ಚೈನು ಕಿತ್ತುಹೋಗಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಇಳಿದು ಬಂದಳು. ಈ ಸಲ ತನ್ನದೇ ಸೈಕಲ್ಲು, ಒಂದೊಂದು ತಿರುಪೂ ತಾನೇ ಹಾಕಿದ್ದು, ಅದರ ಮೇಲೆ ಕೂತು ಕೊನೆಯ ಗೆರೆ ದಾಟಬೇಕು. ಬೇರೆ ಏನೂ ಬೇಡ ಅವಳಿಗೆ. ಗುಡ್ಡ ಹತ್ತಿ ಮತ್ತೆ ಇಳಿಯುವುದರಲ್ಲಿ ಏನಿದೆಯೋ ನನಗೆ ಇವತ್ತಿಗೂ ತಿಳಿಯದು. ಹಟ ಅಂದರೆ ಏನೆಂದು ತಿಳಿಯುತ್ತದೆ, ಅಷ್ಟು ಸಾಕು.

ಅವಳ ಅಪ್ಪ, ಅಂದರೆ ನನ್ನ ಮಗ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ತಿರುಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಪೆಡಲ್ ತಿರುಗುವ ಕಡೆ ಫ್ರೇಮಿನ ಹೊಟ್ಟೆಯೊಳಗೆ ಬೇರಿಂಗ್ ಕೂರಿಸಬೇಕಿತ್ತು. ಇವನು ಸುತ್ತಿಗೆ ಹಿಡಿದೇ ಬಂದ.

"ಸರ್ಕೊಳೇ. ಎರಡೇಟು, ಕೂತ್ಕೊಳತ್ತೆ."

ಅವಳು ಫ್ರೇಮನ್ನು ತಬ್ಬಿಕೊಂಡು ಕೂತಳು. "ಮುಟ್ಬೇಡಿ ಅಪ್ಪ! ಸುತ್ತಿಗೆ ಬಿದ್ರೆ ಬಿರುಕು ಬಿಡತ್ತೆ."

"ನನ್ನ ಎರಡೇಟು ತಡೀದೇ ಇರೋದು ಬಂಡೆ ಮೇಲೆ ಹೇಗೆ ಹೋಗತ್ತೆ?"

ಕೇಳಿದ್ದು ನನಗೂ ಸರಿ ಅನ್ನಿಸಿತು. ಅವಳು ಮೊಟ್ಟೆಯ ಕಥೆ ಹೇಳಿದಳು. ಮೊಟ್ಟೆಯನ್ನು ಉದ್ದಕ್ಕೆ ಹಿಡಿದು ಎಷ್ಟು ಅಮುಕಿದರೂ ಒಡೆಯುವುದಿಲ್ಲ, ಪಕ್ಕಕ್ಕೆ ಚಮಚದಲ್ಲಿ ತಟ್ಟಿದರೆ ಸಾಕು, ಒಡೆಯುತ್ತದೆ. ಕಾರ್ಬನ್ನೂ ಹಾಗೆಯೇ.

"ಕೇಳಿದ್ಯಾಮ್ಮಾ? ಮೊಟ್ಟೆ ಮೇಲೆ ಕೂತು ಗುಡ್ಡ ಇಳೀತಾಳಂತೆ ನಿನ್ನ ಮೊಮ್ಮಗಳು," ಎಂದು ಸುತ್ತಿಗೆ ಒಳಗಿಟ್ಟ. ಅಂದಿನಿಂದ ಅಪ್ಪ ಮಗಳ ಮಾತೆಲ್ಲ ನನ್ನ ಮೂಲಕ. ಇಬ್ಬರೂ ಒಂದೇ ಹಾಲಿನಲ್ಲಿ ಕೂತು, "ಸೈಕಲ್ ಆಚೆ ಇಡಕ್ಕೆ ಹೇಳಮ್ಮಾ," "ಆಗಲ್ಲ ಅಂತ ಹೇಳಜ್ಜಿ" ಎನ್ನುವರು. ನಾನು ಯಾರಿಗೂ ಏನೂ ಹೇಳದೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಹೇಗೂ ಇಬ್ಬರಿಗೂ ಕೇಳಿಸಿರುತ್ತಿತ್ತು.

ಬೇರಿಂಗ್ ಕೂರಿಸಲು ನಾನೂ ಮೊಮ್ಮಗಳೂ ಶಿವಾಜಿನಗರಕ್ಕೆ ಹೋದೆವು. ಆಟೋದಲ್ಲಿ ಫ್ರೇಮು ನನ್ನ ತೊಡೆಯ ಮೇಲೆ. ಹಲಸೂರಿನ ಸಿಗ್ನಲ್ಲಿನಲ್ಲಿ ಆಟೋದವನು ತಿರುಗಿ ನೋಡಿ, "ಏನಮ್ಮಾ ಅದು?" ಎಂದ.

"ಸೈಕಲ್ಲಿನ ಅಸ್ಥಿಪಂಜರ. ನೀನು ಮುಂದೆ ನೋಡಿ ಓಡ್ಸು."

ಶಿವಾಜಿನಗರದ ಹಳೇ ಸೈಕಲ್ ಅಂಗಡಿಯ ಸಾಹೇಬರು ಫ್ರೇಮನ್ನು ಒಂದೇ ಬೆರಳಲ್ಲಿ ಎತ್ತಿ ನೋಡಿದರು. "ಅರೆ ಅಮ್ಮಾ, ಇದು ಸೈಕಲ್ಲಾ, ಪತಂಗಾನಾ? ದಾರ ಕಟ್ಟಿ ಹಿಡ್ಕೊಳ್ಳಿ, ಹಾರಿ ಹೋಗ್ತದೆ!" ಪಕ್ಕದ ಅಂಗಡಿಯವರನ್ನೆಲ್ಲ ಕರೆದು ಎತ್ತಿಸಿದರು. ಅವರ ಹತ್ತಿರ ತಿರುಗಿಸಿ ಒತ್ತುವ ಪ್ರೆಸ್ಸು ಇತ್ತು. ಅದರಲ್ಲಿ ಮೊಮ್ಮಗಳೇ ಬೇರಿಂಗನ್ನು ಮೆಲ್ಲಗೆ ಒತ್ತಿ ಕೂರಿಸಿದಳು. ನಾನು ಸ್ಟೂಲಿನ ಮೇಲೆ ಕೂತು ಚಹಾ ಕುಡಿದೆ. ಚಹಾ ಚೆನ್ನಾಗಿತ್ತು.

ಆಮೇಲೆ ಚಕ್ರ, ಹ್ಯಾಂಡಲ್ಲು, ಸೀಟು ಒಂದೊಂದೇ ಬಂದವು. ದಿನಾ ಸಂಜೆ ಹಾಲಿನಲ್ಲಿ ಪೇಪರ್ ಹಾಸಿ ಕೂತು ಜೋಡಿಸುವಳು. ಅವಳ ಸ್ಪ್ಯಾನರ್ ಒಂದಿತ್ತು, ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುತ್ತಿತ್ತು. ಟಕ್ ಎಂದರೆ ಕೈ ಬಿಡಬೇಕು. ಬಾಗಿಲಲ್ಲಿ ನಿಂತ ನನ್ನ ಮಗನ ಕೈ ಮಾತ್ರ ಗಾಳಿಯಲ್ಲೇ ಇನ್ನೊಂದು ಸುತ್ತು ತಿರುಗುತ್ತಿತ್ತು. ಆಯುಧಪೂಜೆಯ ಹಿಂದಿನ ದಿನ ಸೈಕಲ್ಲು ಮುಗಿಯಿತು. ರಸ್ತೆಯಲ್ಲಿ ಒಂದು ಸುತ್ತು ಹೊಡೆದಳು. ಬೆರಳು ತಾಕಿಸಿದರೆ ಸಾಕು, ಬ್ರೇಕು ಚಕ್ರವನ್ನು ಕಚ್ಚಿ ಹಿಡಿಯುತ್ತಿತ್ತು.

ಆ ಸಂಜೆ ಅವಳು ಸ್ನಾನಕ್ಕೆ ಹೋದಾಗ ಮಗ ಎಣ್ಣೆಯ ಡಬ್ಬ ತೆಗೆದ. ಕಾರ್ಖಾನೆಯಲ್ಲಿ ಹಬ್ಬದ ಮುಂಚೆ ಮೆಷಿನ್ನುಗಳನ್ನೆಲ್ಲ ಒರೆಸಿ ಎಣ್ಣೆ ಹಾಕಿ ಮಿಂಚಿಸುವುದು ರೂಢಿ. ಮನೆಯಲ್ಲೂ ಬಿಡುವುದಿಲ್ಲ. ಸ್ಕೂಟರಿಗೆ, ಹೊಲಿಗೆ ಮೆಷಿನ್ನಿಗೆ, ಈಳಿಗೆಮಣೆಗೆ, ಗೇಟಿನ ಚಿಲಕಕ್ಕೆ ಎಣ್ಣೆ ಹಾಕಿದ. ಕೊನೆಗೆ ಸೈಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಫ್ರೇಮನ್ನು ಮುಟ್ಟಲಿಲ್ಲ, ಮಗಳು ಬೇಡವೆಂದದ್ದನ್ನು ಮೀರುವವನಲ್ಲ. ಆದರೆ ಒಂದೊಂದು ಚಕ್ರದ ನಡುಮಧ್ಯಕ್ಕೂ ಬಣ್ಣವಿಲ್ಲದ ಉಕ್ಕಿನ ತಟ್ಟೆಯೊಂದಿತ್ತು.

"ನೋಡಮ್ಮಾ, ಬರೀ ಉಕ್ಕು. ಹೀಗೇ ಬಿಟ್ರೆ ತುಕ್ಕು ಹಿಡಿಯಲ್ವಾ? ಅವಳಿಗೆ ಗೊತ್ತಾಗಲ್ಲ ಇದೆಲ್ಲ."

ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಎರಡೂ ತಟ್ಟೆಗಳನ್ನು ಚೆನ್ನಾಗಿ ಒರೆಸಿದ. ಅದೇ ಬ್ರೇಕು ಹಿಡಿಯುವ ಜಾಗ ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಿಂಚುತ್ತಿತ್ತು, ಚೆನ್ನಾಗಿ ಕಂಡಿತು.

ಮಾರನೆಯ ದಿನ ಪೂಜೆ. ಸೊಸೆ ಸೈಕಲ್ಲಿಗೆ ಚೆಂಡುಹೂವಿನ ಹಾರ ಹಾಕಿ, ವಿಭೂತಿ ಪಟ್ಟೆ ಎಳೆದು ಕುಂಕುಮ ಇಟ್ಟಳು. ಮಗ ಬೂದುಗುಂಬಳ ಒಡೆದ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, "ಹತ್ತಕ್ಕೆ ಹೇಳಮ್ಮಾ," ಎಂದು ನನಗೆ ಹೇಳಿದ. ಅವಳು ಹತ್ತಿದಳು. ನಿಂಬೆಹಣ್ಣು ಪಚಕ್ ಎಂದಿತು. ನಮ್ಮ ರಸ್ತೆ ಸ್ವಲ್ಪ ಇಳಿಜಾರು. ಸೈಕಲ್ಲು ಹೋಯಿತು, ಹೋಗುತ್ತಲೇ ಇತ್ತು. ಬ್ರೇಕು ಹಿಡಿದಳು. ಕೊಕ್ಕರೆಯ ಹಾಗೆ ಕಿರುಚಿತೇ ಹೊರತು ನಿಲ್ಲಲಿಲ್ಲ. ತಿರುವಿನಲ್ಲಿ ಬಾಳೆಕಂದು ಮಾರುವವಳ ತಳ್ಳುಗಾಡಿ ಇತ್ತು. ನೇರ ಅದರೊಳಗೆ.

ಕಂದುಗಳ ಮಧ್ಯದಿಂದ ಅವಳು ಎದ್ದು ಬಂದಳು, ಕೂದಲಲ್ಲಿ ಹೂವು, ಮೈಯಲ್ಲಿ ಗಾಯವಿಲ್ಲ. ಬಾಳೆಕಂದಿನವಳು ಸೊಂಟಕ್ಕೆ ಕೈಯಿಟ್ಟು, "ಕಂದು ಬೇಕಂದ್ರೆ ಕೇಳ್ಬಾರ್ದಾ ತಾಯೀ, ಹಿಂಗ್ ಬಂದು ಬೀಳೋದಾ?" ಎಂದಳು. ಬೀದಿಯವರೆಲ್ಲ ನಕ್ಕರು. ಮೊಮ್ಮಗಳು ನಗಲಿಲ್ಲ. ಗಾಡಿಯ ಕಬ್ಬಿಣದ ಅಂಚು ತಾಗಿ ಫ್ರೇಮಿನ ಮೇಲೆ ಒಂದು ಗೆರೆ ಎದ್ದಿತ್ತು. ಅದು ಬರೀ ಬಣ್ಣದ ಗೀರೋ, ಬಿರುಕೋ? ಬಿರುಕಾದರೆ ರೇಸೂ ಇಲ್ಲ, ಫ್ರೇಮೂ ಇಲ್ಲ.

ಅವಳು ತಟ್ಟೆಯನ್ನು ಬೆರಳಲ್ಲಿ ಒರೆಸಿ ಮೂಸಿದಳು. ಅಷ್ಟು ದಿನಗಳ ಮೇಲೆ ಅಪ್ಪನ ಜೊತೆ ನೇರ ಮಾತು. "ಎಣ್ಣೆ ಹಾಕಿದ್ರಾ?"

"ಹಬ್ಬ ಅಲ್ವೇನೇ..."

"ಬ್ರೇಕಿಗಾ ಅಪ್ಪಾ?"

ಅವನು ತಲೆ ಕೆರೆದುಕೊಂಡ. "ಅದು ಬ್ರೇಕು ಅಂತ ಯಾರು ಹೇಳಿದ್ರು ನಂಗೆ? ಹತ್ರ ಹೋದ್ರೆ ಮುಟ್ಬೇಡಿ, ಮುಟ್ಬೇಡಿ. ಇದೊಂದೇ ನೀನು ಮುಟ್ಬೇಡಿ ಅನ್ನದೇ ಬಿಟ್ಟಿದ್ದು."

"ಇಬ್ರೂ ಬಾಯಿ ಮುಚ್ಚಿ," ಎಂದೆ ನಾನು. "ಒಡೆದಿದೆಯೋ ಇಲ್ವೋ ಮೊದ್ಲು ನೋಡು. ಅಳೋದಿದ್ರೆ ಆಮೇಲೆ ಅಳು."

ಹಾಲಿಗೆ ತಂದು ಹಾರ ತೆಗೆದು ಒರೆಸಿದೆವು. ನಾಣ್ಯದಿಂದ ತಟ್ಟಿ ನೋಡುವುದಂತೆ. ಚೆನ್ನಾಗಿದ್ದರೆ ಟಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಡಬ್ ಎನ್ನುತ್ತದೆ. ಅವಳು ತಟ್ಟಿದಳು, ಆದರೆ ಗಾಬರಿಗೆ ಅವಳಿಗೆ ಎಲ್ಲವೂ ಡಬ್ ಎಂದೇ ಕೇಳಿಸಿತು. ಮಗನಿಗೆ ಅವರಪ್ಪನ ಹಾಗೆ ಕಿವಿ ಮಂದ, ಅವನಿಗೆ ಟಣ್ಣೂ ಇಲ್ಲ ಡಬ್ಬೂ ಇಲ್ಲ. ಉಳಿದವಳು ನಾನು. ಇಷ್ಟು ವರ್ಷ ಬಡಿದು ನೋಡದೆ ಒಂದು ತೆಂಗಿನಕಾಯಿ ಮನೆಗೆ ತಂದವಳಲ್ಲ. ಫ್ಯಾನು ಆರಿಸಿ ನೆಲದ ಮೇಲೆ ಕೂತೆ. ಅವಳು ತಟ್ಟುತ್ತಾ ಬಂದಳು. ಟಣ್, ಟಣ್. ಗೆರೆಯ ಹತ್ತಿರ ಬಂದಾಗ ಅವಳ ಕೈ ನಿಂತಿತು.

"ತಟ್ಟೇ, ನನಗೆ ಅಡುಗೆ ಇದೆ."

ತಟ್ಟಿದಳು. ಟಣ್. ಆ ಕಡೆ, ಈ ಕಡೆ, ಗೆರೆಯ ಮೇಲೆ, ಎಲ್ಲ ಒಂದೇ ಸದ್ದು. "ಏನೂ ಆಗಿಲ್ಲ. ಬಣ್ಣ ಹೋಗಿದೆ," ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಹಲ್ಲು ನೋಡುವ ದೀಪವನ್ನು ಹಣೆಗೆ ಕಟ್ಟಿಕೊಂಡು, ಭೂತಗನ್ನಡಿ ಹಿಡಿದು, ಯಾರದೋ ದವಡೆ ನೋಡುವ ಹಾಗೆ ಅರ್ಧ ಗಂಟೆ ನೋಡಿದಳು. ಆಮೇಲೆ, "ಬಣ್ಣವೇ ಅಜ್ಜಿ," ಎಂದಳು.

ಫ್ರೇಮು ಉಳಿಯಿತು, ಬ್ರೇಕು ಉಳಿಯಲಿಲ್ಲ. ತಟ್ಟೆಯನ್ನು ಹಿಡಿಯುವ ಪ್ಯಾಡುಗಳು ಎಣ್ಣೆ ಕುಡಿದಿದ್ದವು. ಅವನ್ನು ಬಿಸಾಡಿ ಹೊಸದು ತರಬೇಕು. ಸಿಗುವ ಅಂಗಡಿ ಇಂದಿರಾನಗರದಲ್ಲಿ, ಹಬ್ಬಕ್ಕೆ ಮುಚ್ಚಿದ್ದು ಶನಿವಾರ ತೆರೆಯುತ್ತದೆ. ಭಾನುವಾರ ರೇಸು. ಶನಿವಾರ ಮಗ ತಿಂಡಿ ತಿನ್ನದೆ ಹೋಗಿ, ಹಳೇ ಪ್ಯಾಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮುಚ್ಚಿದ ಶಟರಿನ ಮುಂದೆ ಕೂತಿದ್ದನಂತೆ. ಅಂಗಡಿಯವನು ಬಂದು ಯಾರೋ ಸಾಲ ವಸೂಲಿಗೆ ಬಂದವನು ಎಂದು ಹೆದರಿದನಂತೆ.

ತಟ್ಟೆಗಳನ್ನು ಸ್ಪಿರಿಟ್ಟಿನಲ್ಲಿ ಉಜ್ಜಿದ್ದೂ ಅವನೇ. ಮನೆಯೆಲ್ಲ ಆಸ್ಪತ್ರೆಯ ವಾಸನೆ. ಪ್ಯಾಡು ಕೂರಿಸುವಾಗ ಅವಳು ಆ ಟಕ್ ಎನ್ನುವ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟಳು. ಟಕ್ ಎಂದದ್ದು ಅವನಿಗೆ ಕೇಳಿಸಲಿಲ್ಲ, ಆದರೆ ಕೈಗೆ ಗೊತ್ತಾಯಿತು.

"ಇಷ್ಟೇನಾ?"

"ಇಷ್ಟೇ ಅಪ್ಪ."

"ಇನ್ನೊಂದು ಕಾಲು ಸುತ್ತು?"

"ಅಪ್ಪಾ!"

ಭಾನುವಾರ ಅವನೇ ಬಾಡಿಗೆ ಕಾರು ಮಾಡಿಕೊಂಡು ಕರೆದುಕೊಂಡು ಹೋದ. ಮಧ್ಯಾಹ್ನ ಫೋನು ಬಂತು. ಅವನು ಕಿರುಚುವುದು ಪಕ್ಕದ ಮನೆಗೂ ಕೇಳಿಸಿರಬೇಕು.

"ಅಮ್ಮಾ, ಗೆರೆ ದಾಟಿದ್ಲು! ಸೈಕಲ್ ಮೇಲೇ ಕೂತ್ಕೊಂಡು ದಾಟಿದ್ಲು!"

"ಬಿದ್ಲಾ?"

"ಬಿದ್ಲು. ಅವಳೇ ಎದ್ಲು. ಬ್ರೇಕು ಫಸ್ಟ್ ಕ್ಲಾಸು!"

"ಎಷ್ಟನೆಯವಳು?"

ಈಗ ದನಿ ತಗ್ಗಿಸಿದ. "ಕೊನೆಯಿಂದ ನಾಲ್ಕನೆಯವಳು."

ಈಗ ಪಾರ್ಕಿನಲ್ಲಿ ವಾಕಿಂಗ್ ಬರುವವರಿಗೆಲ್ಲ ಅವನು "ನನ್ನ ಮಗಳು ರೇಸಲ್ಲಿ ನಾಲ್ಕನೆಯವಳು" ಎಂದು ಹೇಳಿಕೊಂಡು ತಿರುಗುತ್ತಾನೆ. ಅವರು ಭಲೇ ಎನ್ನುತ್ತಾರೆ. ಯಾವ ಕಡೆಯಿಂದ ಎಂದು ಕೇಳಿದರೆ ಹೇಳೋಣ ಎಂದು ನಾನೂ ಬೆಂಚಿನ ಮೇಲೆ ಕೂತೇ ಇರುತ್ತೇನೆ. ಇದುವರೆಗೆ ಒಬ್ಬರೂ ಕೇಳಿಲ್ಲ.