ಒಂದು ಕಲೇಜಿ, ಎರಡು ಏಟು

ಸಾಲಿ ಬಿಟ್ಟ ಹೊಸದರಾಗ ನಾನು ಗಂಗಾವತಿಯಾಗ ಎಲ್ಲಾರೂ ಚಾಚಾ ಅಂತ ಕರಿಯೂ ಒಬ್ಬರ ಮಟನ್ ಅಂಗಡಿಯಾಗ ಕೆಲಸಕ್ಕಿದ್ದೆ. ಈಗ ಅವರು ಅಂಗಡಿ ಮುಚ್ಚಿ ಹನುಮಸಾಗರಕ್ಕ ಹೋಗ್ಯಾರ. ರವಿವಾರ ಬಂತಂದ್ರ ಆ ಗದ್ದಲ ಭಾಳ ನೆನಪಾಗ್ತೈತಿ.

ಒಂದಿನ ಒಂದೇ ಕಲೇಜಿ, ಅಂದ್ರ ಕುರಿ ಲಿವರ್, ಉಳಿದಿತ್ತು. ಬಾಣಂತಿ ಮಗಳಿಗೆ ಬೇಕಂತ ಒಬ್ಬ ಕಾಕಾ, ಹಾಸಿಗಿ ಹಿಡಿದ ಅಪ್ಪಗ ಬೇಕಂತ ಇನ್ನೊಬ್ಬ ಕಾಕಾ, ಇಬ್ಬರೂ ಒಬ್ಬರದೊಬ್ಬರು ಕೊಳ್ಳಪಟ್ಟಿ ಹಿಡಿದ್ರು. ಕೈಗೆ ಸಿಗೂವಂಗ ಕತ್ತಿ ಇದ್ವು. ಚಾಚಾರ ಮಾರಿ ಬಿಳಿಚಿತು.

ನಗಿಸಿ ಬಿಡಿಸೋಣಂತ ನಾನು ಬಾಯಿ ಹಾಕಿದೆ. "ಬಡದಾಡಬ್ಯಾಡ್ರಿ ಕಾಕಾ. ಮೊಬೈಲ್‌ನಾಗ ನೋಡೀನಿ, ಇನ್ನ ಮ್ಯಾಲ ಕುರಿ ಕಡಿಯೂದ ಇಲ್ಲಂತ. ಲ್ಯಾಬಿನಾಗ ಮಾಂಸ ಬೆಳಸ್ತಾರಂತ, ಕೇಳಿದಷ್ಟು ಕಲೇಜಿ!"

ಇಬ್ಬರೂ ಕೊಳ್ಳಪಟ್ಟಿ ಬಿಟ್ಟು ನನ್ನ ಕಡೆ ತಿರುಗಿದ್ರು.

"ನನ್ನ ಬಾಣಂತಿ ಮಗಳಿಗೆ ಮಷಿನ್ ಮಾಂಸ ತಿನ್ನಸ್ತಿಯೇನಲೇ?"

"ಕುರಿ ಕಡೀದ ಅದೆಂಥಾ ಮಟನ್ನಲೇ, ಮಂಗ್ಯಾ?"

ಆ ಗಲ್ಲಕ್ಕೊಂದು, ಈ ಗಲ್ಲಕ್ಕೊಂದು ಬಿತ್ತು. ಸಿಟ್ಟು ಇಳಿದ ಮ್ಯಾಲ ಅವರು ಕಲೇಜಿ ಅರ್ಧರ್ಧ ಮಾಡಿಸಿಕೊಂಡು, ಹೆಗಲ ಮ್ಯಾಲ ಕೈ ಹಾಕ್ಕೊಂಡು ಚಹಾ ಕುಡಿಯಾಕ ಹೋದ್ರು.

ಚಾಚಾ ನನ್ನ ಗಲ್ಲಕ್ಕ ಐಸ್ ಒತ್ತಿ ನಕ್ಕರು. "ಮಾಂಸ ಲ್ಯಾಬಿನಾಗ ಬೆಳೀಬಹುದು ಬೇಟಾ, ಮನುಷ್ಯಾನ ಕೈಯಾಗಿನ ಈ ತುರಿಕಿ ಎಲ್ಲಿಗೆ ಹೋಗ್ತೈತಿ?"

ಆ ಲ್ಯಾಬಿನವರಿಗೆ ನಂದೊಂದು ವಿನಂತಿ ಐತ್ರಿ. ಮಾಂಸದ ಜೋಡಿ ಬಡಿಸಿಕೊಳ್ಳಾಕ ಒಂದೆರಡು ಗಲ್ಲಾನೂ ಬೆಳಸ್ರಿ.